ಧಾರಾವಾಹಿ ಪಾತ್ರದ ಸ್ವಭಾವಕ್ಕೆ ಎಂಬಿಟಿಐಯೋ, ಎನಿಯಾಗ್ರಾಮೋ?

ಹಾಸನದ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಧಾರಾವಾಹಿಯ ಅತ್ತೆ ಎಂಥವಳು ಎಂಬ ವಾದ ಏಳುವುದುಂಟು. ಅದನ್ನು ಕ್ರಮವಾಗಿ ಮಾಡುವವರಿಗೆ ಎರಡು ದಾರಿಗಳಿವೆ: ಎಂಬಿಟಿಐ ಮತ್ತು ಎನಿಯಾಗ್ರಾಮ್. ಎರಡೂ ಮನುಷ್ಯರ ಸ್ವಭಾವವನ್ನು ಬಗೆಗಳಾಗಿ ವಿಂಗಡಿಸುವ ಪದ್ಧತಿಗಳು.

ಎಂಬಿಟಿಐ ಬೆಳೆದದ್ದು ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಮಂಡಿಸಿದ ವಿಚಾರಗಳಿಂದ. ಅಂತರ್ಮುಖಿ-ಬಹಿರ್ಮುಖಿಯಂಥ ನಾಲ್ಕು ಜೋಡಿ, ಪ್ರತಿ ಜೋಡಿಯಿಂದ ಒಂದೊಂದು ಆರಿಸಿದರೆ ಒಟ್ಟು 16 ಬಗೆ. ಪಾತ್ರ ಹೇಗೆ ಗ್ರಹಿಸುತ್ತದೆ, ಹೇಗೆ ತೀರ್ಮಾನಿಸುತ್ತದೆ ಎಂಬುದೇ ಅದರ ಲೆಕ್ಕ. ಎನಿಯಾಗ್ರಾಮ್‌ನಲ್ಲಿ 9 ಬಗೆ, ಅವನ್ನು 1ರಿಂದ 9ರವರೆಗಿನ ಅಂಕಿಗಳಿಂದಲೇ ಕರೆಯುತ್ತಾರೆ. ಅದು ಮೊದಲು ಕೇಳುವುದು, ಈ ಪಾತ್ರಕ್ಕೆ ಯಾವುದರ ಭಯ ಎಂದು. ಎರಡನ್ನೂ ಮನೋವಿಜ್ಞಾನಿಗಳು ಪೂರ್ತಿ ಒಪ್ಪಿಲ್ಲ, ಆದರೆ ಪಾತ್ರ ಓದಲು ಎರಡೂ ಉಪಯುಕ್ತ.

ಸಕಲೇಶಪುರದ ಕಾಫಿ ತೋಟದ ಮನೆಯ ಕಥೆ ಅಂದುಕೊಳ್ಳಿ. ಅತ್ತೆ ಬೀರುವಿನ ಬೀಗದಕೈ ಸೊಂಟಕ್ಕೇ ಸಿಕ್ಕಿಸಿಕೊಂಡಿದ್ದಾಳೆ, ಕೊಯ್ಲಿನ ಕೂಲಿ ಲೆಕ್ಕ ಅವಳೇ ಬರೆಯುತ್ತಾಳೆ. ಎಂಬಿಟಿಐಯಲ್ಲಿ ಬಹುಶಃ ಇಎಸ್‌ಟಿಜೆ, ಅಂದರೆ ಬಹಿರ್ಮುಖಿ, ಕಣ್ಣೆದುರಿನ ವಿವರ ನಂಬುವ, ತರ್ಕದಿಂದ ತೀರ್ಮಾನಿಸುವ, ಎಲ್ಲವೂ ಕ್ರಮದಲ್ಲಿರಬೇಕೆನ್ನುವ ಬಗೆ. ಎನಿಯಾಗ್ರಾಮ್‌ಗೆ ಇಷ್ಟು ಸಾಲದು. ಬೇರೆಯವರ ಹಿಡಿತಕ್ಕೆ ಸಿಕ್ಕುವ ಅಂಜಿಕೆಯಾದರೆ 8, ಆಸರೆ ತಪ್ಪುವ ಅಂಜಿಕೆಯಾದರೆ 6, ತಪ್ಪು ನಡೆಯಕೂಡದೆಂಬ ಹಟವಾದರೆ 1. ಸೊಸೆ ಬೀಗದಕೈ ಕೇಳುವ ದೃಶ್ಯದವರೆಗೆ ಕಾಯಿರಿ. ಗದರುತ್ತಾಳೋ, ಅನುಮಾನದಿಂದ ನೂರು ಪ್ರಶ್ನೆ ಹಾಕುತ್ತಾಳೋ, ನೀತಿ ಹೇಳುತ್ತಾಳೋ ನೋಡಿದರೆ ಗೊತ್ತಾಗುತ್ತದೆ.

ಕಡಿಮೆ ಮಾತಾಡುವ ನಾಯಕನೆಲ್ಲ ಅಂತರ್ಮುಖಿಯಲ್ಲ. ಅವನಿಗೆ ಸಂಭಾಷಣೆಯೇ ಕಡಿಮೆ ಬರೆದಿರಬಹುದು. ಖಳನಾಯಕಿಯೆಲ್ಲ 8 ಅನ್ನುವುದೂ ತಪ್ಪು. ಹತ್ತು ಕಂತಾದರೂ ನೋಡಿ, ಒತ್ತಡದಲ್ಲಿ ಪಾತ್ರ ತೆಗೆದುಕೊಂಡ ಮೂರು ನಿರ್ಧಾರ ಬರೆದಿಟ್ಟುಕೊಂಡು ಆಮೇಲೆ ಬಗೆ ಗುರುತಿಸಿ.

ನೂರಾರು ಕಂತು ಓಡಿದ ಧಾರಾವಾಹಿಯಲ್ಲಿ ಪಾತ್ರದ ನಡತೆ ಬದಲಾಗುತ್ತಲೇ ಇರುತ್ತದೆ, ಆಗ ಎಂಬಿಟಿಐ ಕೈಕೊಡುತ್ತದೆ. ಒಳಗಿನ ಭಯ ಸಾಮಾನ್ಯವಾಗಿ ಉಳಿದಿರುತ್ತದೆ. ಅದಕ್ಕೇ ದಿನನಿತ್ಯದ ಧಾರಾವಾಹಿಗೆ ಎನಿಯಾಗ್ರಾಮ್ ವಾಸಿ. ಎಂಟು ಕಂತಿನ ವೆಬ್ ಸರಣಿಗೆ ಎಂಬಿಟಿಐ ಸಾಕು.