ಲಕ್ವದ ನಂತರ ಸಿಪ್ಯಾಪ್: ಒಂದೇ ಕೈಯಲ್ಲಿ ಎರಡೂಕಾಲು ವರ್ಷ

ಸಿಪ್ಯಾಪ್ ಎಂದರೆ ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಮಾಸ್ಕಿನ ಮೂಲಕ ಗಾಳಿ ಒತ್ತುವ ಯಂತ್ರ. ಮೊದಲು ಅದರ ಮಾಸ್ಕಿನ ವಿಷಯ. ಯಂತ್ರ ಯಾವ ಕಂಪನಿಯದು ಎಂದು ಎಲ್ಲರೂ ಕೇಳುತ್ತಾರೆ, ಮಾಸ್ಕ್ ಯಾವುದು ಎಂದು ಯಾರೂ ಕೇಳುವುದಿಲ್ಲ. ನಾವೂ ಕೇಳಿರಲಿಲ್ಲ. ಅದಕ್ಕೇ ಮೊದಲ ಏಳು ವಾರ ದಂಡವಾಯಿತು.

ನಮ್ಮ ಯಜಮಾನರಿಗೆ 2022ರ ಜೂನ್‌ನಲ್ಲಿ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಎರಡೂ ಬಿದ್ದುಹೋದವು, ಬಾಯಿ ಒಂದು ಪಕ್ಕಕ್ಕೆ ಸೊಟ್ಟಗಾಯಿತು. ಕಾಲು ಮೂರು ತಿಂಗಳಲ್ಲಿ ಒಂದು ಮಟ್ಟಕ್ಕೆ ಬಂತು, ಕೈ ಇವತ್ತಿಗೂ ಪೂರ್ತಿ ಬಂದಿಲ್ಲ. ಸಾಗರದ ಹತ್ತಿರ ನಮ್ಮ ಮನೆ, ಅಡಿಕೆ ತೋಟ. ಮಗ ಇರುವುದು ಬೆಂಗಳೂರಿನಲ್ಲಿ. ಅವನು ಯಂತ್ರ ತಂದುಕೊಟ್ಟ, ರಾತ್ರಿ ರಾತ್ರಿ ಹಾಕಿದವಳು ನಾನು. ಹಾಗಾಗಿ ಬರೆಯುವ ಹಕ್ಕು ನನ್ನದೇ.

ಗೊರಕೆ ಹೊಡೆದರೆ ಒಳ್ಳೆಯ ನಿದ್ದೆ ಬಂದಿದೆ ಎಂದು ನಂಬಿದ್ದ ಮನೆ ನಮ್ಮದು. ಮೂವತ್ತು ವರ್ಷದಿಂದ ಕೇಳುತ್ತಿದ್ದ ಗೊರಕೆ ಲಕ್ವದ ನಂತರ ಬೇರೆ ಥರ ಆಯಿತು. ಜೋರಾಗಿ ಏರಿ ಏರಿ ಬಂದದ್ದು ಗಪ್ಪೆಂದು ನಿಂತುಬಿಡುವುದು. ನಾನು ಕತ್ತಲಲ್ಲಿ ಎಣಿಸುತ್ತಿದ್ದೆ: ಹತ್ತು, ಹದಿನೈದು, ಒಮ್ಮೊಮ್ಮೆ ಮೂವತ್ತು. ಆಮೇಲೆ ನೀರಿನಿಂದ ಮೇಲೆದ್ದವರ ಹಾಗೆ ಒಂದು ದೊಡ್ಡ ಉಸಿರು. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದೆವು. ಬಿಪಿ, ಶುಗರ್, ಸ್ಕ್ಯಾನ್ ಎಲ್ಲ ನೋಡಿದರು, ನಿದ್ದೆ ಹೇಗೆ ಎಂದು ಒಬ್ಬರೂ ಕೇಳಲಿಲ್ಲ. ಕೊನೆಗೆ ಕೇಳಿದ್ದು ಮನೆಗೆ ಬರುತ್ತಿದ್ದ ಫಿಸಿಯೋಥೆರಪಿ ಹುಡುಗ. ಕಾಲು ಎತ್ತಿ ಹಿಡಿದು ಹತ್ತು ಎಣಿಸುವಷ್ಟರಲ್ಲಿ ಇವರು ತೂಕಡಿಸುತ್ತಿದ್ದರು. ನಾವು ಮಾತ್ರೆಯ ಮಂಪರು ಎಂದುಕೊಂಡಿದ್ದೆವು. ಅವನು, "ಅಮ್ಮಾ, ರಾತ್ರಿ ಇವರ ಉಸಿರು ನಿಂತು ನಿಂತು ಬರುತ್ತಾ?" ಅಂದ. ನಾನು ಎಣಿಸುತ್ತಿದ್ದ ಸಂಗತಿ ಆವತ್ತೇ ಮೊದಲು ಹೊರಗೆ ಹೇಳಿದ್ದು.

ನಿದ್ದೆ ಪರೀಕ್ಷೆ ಮನೆಯಲ್ಲೇ ಆಯಿತು. ಬೆರಳಿಗೊಂದು ಕ್ಲಿಪ್, ಎದೆಗೊಂದು ಬೆಲ್ಟು, ಮೂಗಿಗೆ ಸಣ್ಣ ಕೊಳವೆ. ವರದಿಯಲ್ಲಿ ಗಂಟೆಗೆ 38 ಎಂದು ಬಂತು. ಅಂದರೆ ಒಂದು ಗಂಟೆಯಲ್ಲಿ ಅಷ್ಟು ಸಲ, ಕನಿಷ್ಠ ಹತ್ತು ಸೆಕೆಂಡು, ಉಸಿರು ನಿಂತಿದೆ ಇಲ್ಲವೇ ತೀರಾ ಕಡಿಮೆಯಾಗಿದೆ. 5ರ ಒಳಗಿದ್ದರೆ ಸರಿ, 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. ರಕ್ತದಲ್ಲಿ ಆಮ್ಲಜನಕ ಒಮ್ಮೆ ಶೇಕಡಾ 74ಕ್ಕೆ ಇಳಿದಿತ್ತು. ಲಕ್ವ ಆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಈ ತೊಂದರೆ ಇರುತ್ತದೆ ಎಂದು ಡಾಕ್ಟರು ಹೇಳಿದಾಗ ನನಗೆ ಸಮಾಧಾನಕ್ಕಿಂತ ಸಿಟ್ಟೇ ಬಂತು. ಅಷ್ಟು ಜನರಿಗಿದ್ದರೆ ಮೊದಲೇ ಕೇಳಬಾರದಿತ್ತೇ?

ಅವರು ಇನ್ನೊಂದು ವಿಷಯವನ್ನೂ ಬಿಡಿಸಿ ಹೇಳಿದರು. ಇವರಿಗೆ ಹೆಚ್ಚಾಗಿ ಇದ್ದದ್ದು ಗಂಟಲು ಮುಚ್ಚಿಕೊಂಡು ಉಸಿರು ಕಟ್ಟುವುದು. ಜೊತೆಗೆ ಸ್ವಲ್ಪ ಬೇರೆ ಬಗೆಯದೂ ಇತ್ತು: ಗಂಟಲು ತೆರೆದೇ ಇರುತ್ತದೆ, ಉಸಿರಾಡು ಎಂಬ ಅಪ್ಪಣೆ ಮೆದುಳಿನಿಂದ ಬರುವುದಿಲ್ಲ. ಈ ಎರಡನೆಯದು ಲಕ್ವದ ಆರಂಭದ ದಿನಗಳಲ್ಲಿ ಹೆಚ್ಚಿದ್ದು ಆಮೇಲೆ ಕಡಿಮೆಯಾಗುವುದುಂಟು. ಅದೇ ಜಾಸ್ತಿ ಇದ್ದವರಿಗೆ ಮಾಮೂಲಿ ಸಿಪ್ಯಾಪ್ ಒಗ್ಗದೆಯೂ ಇರಬಹುದು. ಆದ್ದರಿಂದ ಪರೀಕ್ಷೆ ಮಾಡಿಸದೆ, ಪಕ್ಕದ ಮನೆಯವರು ತಂದರು ಎಂದು ಯಂತ್ರ ತರುವ ಕೆಲಸ ಬೇಡ.

ಯಂತ್ರ ಮಾಡುವುದು ಇಷ್ಟೇ: ಮಾಸ್ಕಿನ ಮೂಲಕ ಗಾಳಿಯನ್ನು ಒಂದೇ ಸಮ ಒತ್ತಿ ಗಂಟಲು ಮುಚ್ಚದ ಹಾಗೆ ನೋಡಿಕೊಳ್ಳುವುದು. ನಮ್ಮದು ಆಟೋ ಮಾದರಿ, ಒತ್ತಡ 4ರಿಂದ 20ರವರೆಗೆ ಬೇಕಾದಂತೆ ಹೆಚ್ಚು ಕಡಿಮೆ ಮಾಡಿಕೊಳ್ಳುತ್ತದೆ. ಇವರಿಗೆ ಹತ್ತರ ಆಸುಪಾಸು ಸಾಕಾಗುತ್ತದೆ. ಸದ್ದು ಹೆದರುವಷ್ಟಿಲ್ಲ, ಫ್ಯಾನಿಗಿಂತ ಕಡಿಮೆ. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಇದನ್ನು ಮೊದಲು ಮಾಡಿದಾಗ ವ್ಯಾಕ್ಯೂಮ್ ಕ್ಲೀನರಿನ ಮೋಟಾರು ಬಳಸಿದ್ದರಂತೆ. ಆಗಿನ ರೋಗಿಗಳ ಹೆಂಡತಿಯರನ್ನು ನೆನೆದರೆ ಅಯ್ಯೋ ಅನಿಸುತ್ತದೆ.

ಈಗ ಆ ಏಳು ವಾರ. ಅಂಗಡಿಯವನು ಯಂತ್ರದ ಜೊತೆ ಮೂಗಿಗೆ ಮಾತ್ರ ಹಾಕುವ ಮಾಸ್ಕ್ ಕೊಟ್ಟ. ಸೊಟ್ಟಗಾದ ಬಾಯಿಯ ಬಲಮೂಲೆಯಿಂದ ಗಾಳಿಯೆಲ್ಲ ಬುಸ್ಸೆಂದು ಹೊರಗೆ. ಬೆಳಿಗ್ಗೆ ನಾಲಿಗೆ ಮರದ ತುಂಡಿನಂತೆ ಒಣಗಿರುತ್ತಿತ್ತು. ಎರಡನೆಯದು ಬಾಯಿ ಮೂಗು ಎರಡನ್ನೂ ಮುಚ್ಚುವಂಥದ್ದು. ಗಾಳಿ ಸೋರುವುದು ನಿಂತಿತು, ಆದರೆ ಪಟ್ಟಿಯ ಕೊಂಡಿ ಬಿಚ್ಚಲು ಎರಡು ಕೈ ಬೇಕು. ಒಂದು ರಾತ್ರಿ ಮೂತ್ರಕ್ಕೆ ಏಳಬೇಕಾಗಿ ಬಿಚ್ಚಲಾರದೆ ಎಳೆದಾಡಿ, ಕೊಳವೆ ಸಿಕ್ಕಿ ಯಂತ್ರವೇ ಕೆಳಗೆ ಬಿತ್ತು. ನಾನು ಏಳುವಷ್ಟರಲ್ಲಿ ಹಾಸಿಗೆ ಒದ್ದೆ. ಅವರು ಅತ್ತರು. "ಇದನ್ನ ವಾಪಸ್ ಕಳಿಸಿಬಿಡು" ಅಂದರು. ನಾಲ್ಕು ದಿನ ಮುಟ್ಟಲಿಲ್ಲ.

ಡಾಕ್ಟರಿಗೆ ಹೇಳಿದಾಗ ಅವರೂ ಗಾಬರಿಯಾದರು. ತಾವೇ ತೆಗೆಯಲಾರದವರಿಗೆ, ನುಂಗಲು ತೊಂದರೆ ಇರುವವರಿಗೆ, ಬಾಯಿ ಮುಚ್ಚುವ ಮಾಸ್ಕ್ ಕೇಳದೆ ಹಾಕಬಾರದು. ನಿದ್ದೆಯಲ್ಲಿ ವಾಂತಿಯಾದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಇವರಿಗೆ ನುಂಗುವುದು ಸರಿಯಿದೆ ಎಂದು ನೋಡಿ, ಅಯಸ್ಕಾಂತದ ಕೊಂಡಿ ಇರುವ ಮೂರನೆಯ ಮಾಸ್ಕ್ ಹೇಳಿದರು. ಎಡಗೈಯಿಂದ ಒಮ್ಮೆ ತಿರುಚಿದರೆ ಸಾಕು, ಬಿಚ್ಚಿಕೊಳ್ಳುತ್ತದೆ. (ಪೇಸ್‌ಮೇಕರ್ ಇರುವವರು, ಮೆದುಳಿನಲ್ಲಿ ಲೋಹದ ಕ್ಲಿಪ್ ಹಾಕಿಸಿಕೊಂಡವರು ಈ ಕೊಂಡಿಯ ಮಾಸ್ಕ್ ಹಾಕಬಾರದು. ಪಕ್ಕದಲ್ಲಿ ಮಲಗುವವರಿಗೂ ಇದು ಅನ್ವಯ.) ಅಂಗಡಿಯಲ್ಲೇ ಕೂರಿಸಿ ಇಪ್ಪತ್ತು ಸಲ ಹಾಕಿ ತೆಗೆಸಿದೆ. ಆವತ್ತು ರಾತ್ರಿ ಐದು ಗಂಟೆ ಹಾಕಿಕೊಂಡು ಮಲಗಿದರು. ತಾನೇ ತೆಗೆಯಬಲ್ಲೆ ಎಂದು ಗೊತ್ತಾದ ಮೇಲೆ ತೆಗೆಯುವ ಅವಸರ ಹೋಯಿತು.

ಒಂದು ಸಣ್ಣ ಮಾತು: ಹಲ್ಲುಸೆಟ್ಟು ಇರುವವರು ಅದನ್ನು ತೆಗೆದಿಟ್ಟ ಮೇಲೆ ಮಾಸ್ಕಿನ ಅಳತೆ ನೋಡಿ. ಕೆನ್ನೆ ಒಳಗೆ ಹೋಗಿರುತ್ತದೆ. ಅಂಗಡಿಯಲ್ಲಿ ಸರಿಯಾಗಿದ್ದದ್ದು ಮನೆಯಲ್ಲಿ ಸೋರುವುದು ಇದಕ್ಕೇ.

ಉಪಯೋಗ ಆಯಿತೇ? ಗಂಟೆಗೆ 38 ಇದ್ದದ್ದು ಈಗ 4ರ ಸುತ್ತ ಇದೆ. ಮೊದಲ ತಿಂಗಳು ಸರಾಸರಿ ಎರಡು ಗಂಟೆಯೂ ಹಾಕಿರಲಿಲ್ಲ, ಈಗ ಆರು ದಾಟುತ್ತದೆ. ರಾತ್ರಿ ನಾಲ್ಕು ಸಲ ಏಳುತ್ತಿದ್ದವರು ಒಂದು ಸಲ ಏಳುತ್ತಾರೆ. ವ್ಯಾಯಾಮದ ನಡುವೆ ತೂಕಡಿಕೆ ಇಲ್ಲ, ಸಂಜೆ ಪೇಪರ್ ಓದಿ ನನಗೆ ರಾಜಕೀಯ ಹೇಳುವಷ್ಟು ಚುರುಕಾಗಿದ್ದಾರೆ. ಬೆಳಗಿನ ಬಿಪಿಯೂ ಇಳಿದಿದೆ, ಆದರೆ ಅದೇ ಹೊತ್ತಿಗೆ ಮಾತ್ರೆಯೂ ಬದಲಾಗಿತ್ತು. ಬಲಗೈಗೆ ಇದರಿಂದ ಏನೂ ಆಗಿಲ್ಲ.

"ಇದು ಹಾಕಿದರೆ ಇನ್ನೊಮ್ಮೆ ಲಕ್ವ ಹೊಡೆಯುವುದೇ ಇಲ್ಲ" ಎಂದು ಮಾರುವವನು ಹೇಳಿದ್ದ. ಮಗ ಹುಡುಕಿ ನೋಡಿದ. 2016ರಲ್ಲಿ ಪ್ರಕಟವಾದ ಸೇವ್ ಎಂಬ ಅಧ್ಯಯನದಲ್ಲಿ ಭಾರತವೂ ಸೇರಿ 7 ದೇಶಗಳ 2700ಕ್ಕೂ ಹೆಚ್ಚು ಜನರಿದ್ದರು; ಎಲ್ಲರೂ ಮೊದಲೇ ಹೃದಯ ಅಥವಾ ಮೆದುಳಿನ ರಕ್ತನಾಳದ ಕಾಯಿಲೆ ಇದ್ದವರು. ಸಿಪ್ಯಾಪ್ ಹಾಕಿದವರಲ್ಲಿ ಹೃದಯಾಘಾತ, ಲಕ್ವ ಕಡಿಮೆಯಾದದ್ದು ಕಾಣಲಿಲ್ಲ. ಹಗಲಿನ ತೂಕಡಿಕೆ, ಗೊರಕೆ, ಮನಸ್ಸಿನ ಸ್ಥಿತಿ ಸುಧಾರಿಸಿತ್ತು. ಅವರೆಲ್ಲ ಸರಾಸರಿ ಹಾಕಿಕೊಂಡದ್ದು ರಾತ್ರಿಗೆ 3.3 ಗಂಟೆ ಮಾತ್ರ ಎಂಬ ವಾದವೂ ಇದೆ. ಏನೇ ಇರಲಿ, ಬಿಪಿ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ಬಿಟ್ಟು ಯಂತ್ರ ನಂಬಿ ಕೂರುವ ಹಾಗಿಲ್ಲ. ನಮ್ಮವರು ಎಲೆಅಡಿಕೆಯ ಜೊತೆ ತಂಬಾಕು ಬಿಟ್ಟದ್ದು ನನ್ನ ಲೆಕ್ಕದಲ್ಲಿ ಯಂತ್ರಕ್ಕಿಂತ ದೊಡ್ಡದು.

ಮಲೆನಾಡಿನವರಿಗೆ ಒಂದಿಷ್ಟು. ಮಳೆಗಾಲದಲ್ಲಿ ಕರೆಂಟು ಹೋದರೆ ಬರುವ ಗ್ಯಾರಂಟಿ ಇಲ್ಲ. ಇನ್ವರ್ಟರ್ ಇದ್ದರೆ ನಡೆಯುತ್ತದೆ, ಆದರೆ ನೀರು ಬಿಸಿ ಮಾಡುವ ಹ್ಯುಮಿಡಿಫೈಯರ್ ಆರಿಸಿಬಿಡಿ, ಬ್ಯಾಟರಿ ತಿನ್ನುವುದು ಅದೇ. ಜುಲೈನಲ್ಲಿ ನಮ್ಮ ಗಾಳಿಯಲ್ಲೇ ಬೇಕಾದಷ್ಟು ನೀರಿರುತ್ತದೆ. ಚಳಿಗಾಲದಲ್ಲಿ ಕೊಳವೆಯೊಳಗೆ ಹನಿ ಕಟ್ಟಿ ಮೂಗಿಗೆ ತೊಟ್ಟಿಕ್ಕುತ್ತದೆ. ಹಳೆಯ ಸ್ವೆಟರಿನ ತೋಳು ಕತ್ತರಿಸಿ ಕೊಳವೆಗೆ ತೊಡಿಸಿದ್ದೇನೆ, ನಿಂತಿದೆ. ಡಿಸ್ಟಿಲ್ಡ್ ವಾಟರನ್ನೇ ಹಾಕಿ. ಬೋರ್‌ವೆಲ್ ನೀರು ಹಾಕಿ ತೊಟ್ಟಿಯ ತಳಕ್ಕೆ ಬಿಳಿ ಪದರ ಕಟ್ಟಿಸಿಕೊಂಡ ಜಾಣರು ನಾವು. ಅಡಿಕೆ ಬೇಯಿಸುವ ದಿನಗಳಲ್ಲಿ ಒಲೆಯ ಹೊಗೆಗೆ ಫಿಲ್ಟರು ಎರಡೇ ವಾರದಲ್ಲಿ ಕಪ್ಪಾಗುತ್ತದೆ. ಹಗಲು ಕೊಳವೆಯ ಬಾಯಿಗೆ ಬಟ್ಟೆ ಕಟ್ಟಿ. ಒಂದು ಸಂಜೆ ಒಳಗಿಂದ ಹಲ್ಲಿಮರಿ ಬಂತು, ಹೆಚ್ಚು ವಿವರಿಸುವುದಿಲ್ಲ.

ಖರ್ಚು: ಯಂತ್ರಕ್ಕೆ 46,000, ಮೂರು ಮಾಸ್ಕಿಗೆ 17,000 ಚಿಲ್ಲರೆ. ಮಾಸ್ಕಿನ ಮೆತ್ತೆ ಏಳೆಂಟು ತಿಂಗಳಿಗೊಮ್ಮೆ ಸಡಿಲವಾಗುತ್ತದೆ, ಅದು ಬೇರೆ. ವಿಮೆಯವರು ಒಂದು ಪೈಸೆ ಕೊಡಲಿಲ್ಲ. ಅಂಗಡಿಯವನು ಮಾರಿದ ಮೇಲೆ ಎರಡು ಸಲ ಫೋನ್ ಎತ್ತಿದ್ದಾನೆ, ಎರಡೂ ಸಲ ಹೊಸ ಮಾಸ್ಕ್ ಮಾರಲು. ಮೊದಲು ಒಂದು ತಿಂಗಳು ಬಾಡಿಗೆಗೆ ತನ್ನಿ. ಹಳೆಯದು ಕೊಳ್ಳುವುದಾದರೆ ತಯಾರಿಕೆಯ ವರ್ಷ ನೋಡಿ. ಒಳಗಿನ ಫೋಮ್ ಪುಡಿಯಾಗುವ ತೊಂದರೆಗೆ ಫಿಲಿಪ್ಸ್ 2021ರ ಜೂನ್‌ನಲ್ಲಿ ಲಕ್ಷಾಂತರ ಯಂತ್ರಗಳನ್ನು ವಾಪಸ್ ಕರೆದಿತ್ತು.

ಯಂತ್ರಕ್ಕೆ ನಾಲ್ಕು ನಕ್ಷತ್ರ, ಮೂರನೆಯ ಮಾಸ್ಕಿಗೆ ಐದು. ಹೋದ ತಿಂಗಳು ತಂಗಿಯ ಮನೆಯ ಗೃಹಪ್ರವೇಶಕ್ಕೆಂದು ಶಿರಸಿಗೆ ಹೋಗಿ ರಾತ್ರಿ ಉಳಿದೆ. ನಾನಿಲ್ಲದೆ ಇವರು ಮಲಗಿದ್ದು ಅದೇ ಮೊದಲು. ಬೆಳಿಗ್ಗೆ ಮಗ ಯಂತ್ರದ ಲೆಕ್ಕವನ್ನು ಮೊಬೈಲಿನಲ್ಲಿ ನೋಡಿ ಫೋನ್ ಮಾಡಿದ: "ಅಮ್ಮ, ಆರು ಗಂಟೆ ಹತ್ತು ನಿಮಿಷ." ಮನೆಗೆ ಬಂದು ನೋಡಿದರೆ ಮಾಸ್ಕಿನ ಪಟ್ಟಿ ಒಳಗು ಹೊರಗಾಗಿತ್ತು. ಹಾಗೇ ಹಾಕಿಕೊಂಡು ಮಲಗಿದ್ದರಂತೆ.