ಅಪಘಾತದ ನಂತರ ಆಸ್ಪತ್ರೆಯಲ್ಲಿ ಬರೆದುಕೊಳ್ಳುವ ಮೊದಲ ಸಾಲನ್ನು ಓದದೆ ಬಿಡಬೇಡಿ

ರಸ್ತೆ ಅಪಘಾತದಲ್ಲಿ ಗಾಯಗೊಂಡವರ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಬೇರೆ ಯಾವ ಓಡಾಟಕ್ಕೂ ಮೊದಲು ಆಸ್ಪತ್ರೆಯ ದಾಖಲಾತಿ ವಿಭಾಗಕ್ಕೆ ಹೋಗಿ, ಗಾಯ ಹೇಗಾಯಿತೆಂದು ಕೇಸ್ ಶೀಟಿನಲ್ಲಿ ಬರೆದುಕೊಂಡಿರುವುದನ್ನು ಕೇಳಿ ಪಡೆದು ಓದಿಕೊಳ್ಳಿ. ನನ್ನ ತಮ್ಮನ ಪರಿಹಾರದ ಅರ್ಜಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ವಜಾ ಮಾಡಿದ್ದು ಮುಖ್ಯವಾಗಿ ಆ ಒಂದು ಸಾಲಿನ ಮೇಲೆ. ಆ ಸಾಲನ್ನು ಹೇಳಿ ಬರೆಸಿದ್ದು ವೈದ್ಯರಲ್ಲ, ತಮ್ಮನೂ ಅಲ್ಲ. ಅವನಿಗೆ ಗುದ್ದಿದ ಕಾರಿನ ಚಾಲಕ. ಈ ವಿಷಯ ನಮಗೆ ತಿಳಿದದ್ದು ವಿಮಾ ಕಂಪನಿಯ ವಕೀಲರು ಪಾಟಿ ಸವಾಲಿನಲ್ಲಿ ಆ ಹಾಳೆಯನ್ನು ತಮ್ಮನ ಮುಂದೆ ಹಿಡಿದಾಗ. ಇಂತಹ ಅನ್ಯಾಯ ಇನ್ನೊಂದು ಮನೆಗೆ ಆಗಬಾರದೆಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ತಮ್ಮ ಟೈಲ್ಸ್ ಹಾಕುವ ಕೆಲಸದವನು. ಆಗ ಅವನಿಗೆ 34 ವರ್ಷ. 2022ರ ಕೊನೆಯಲ್ಲಿ, ಕೆಲಸ ಮುಗಿಸಿಕೊಂಡು ತಿಪಟೂರಿನಿಂದ ಕೆ.ಬಿ. ಕ್ರಾಸ್ ಕಡೆಗೆ ಬಿ.ಎಚ್. ರಸ್ತೆಯಲ್ಲಿ ಬೈಕಿನಲ್ಲಿ ಬರುತ್ತಿದ್ದಾಗ, ಲಾರಿಯೊಂದನ್ನು ಹಿಂದಿಕ್ಕಲು ಎದುರಿನಿಂದ ನುಗ್ಗಿದ ಕಾರು ಅವನಿಗೆ ಗುದ್ದಿತು. ಬಲಗಾಲಿನ ಮೊಣಕಾಲ ಕೆಳಗಿನ ಎರಡೂ ಮೂಳೆಗಳು ಮುರಿದವು. ಕಾರಿನವನು ಓಡಿ ಹೋಗಲಿಲ್ಲ. ತನ್ನ ಕಾರಿನಲ್ಲೇ ತಮ್ಮನನ್ನು ಮಲಗಿಸಿಕೊಂಡು ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಸೇರಿಸಿ, ಮುಂಗಡ ಹಣವನ್ನೂ ಕಟ್ಟಿದ. ನಾವು ತಲುಪುವ ವೇಳೆಗೆ ದಾಖಲಾತಿಯ ಕಾಗದಪತ್ರಗಳೆಲ್ಲ ಮುಗಿದು, ತಮ್ಮನನ್ನು ಎಕ್ಸ್‌ರೇ ಕೋಣೆಗೆ ಒಯ್ದಿದ್ದರು. ಪೊಲೀಸು, ಕೋರ್ಟು ಎಂದು ಇಬ್ಬರೂ ಅಲೆಯುವುದು ಬೇಡ, ಶಸ್ತ್ರಚಿಕಿತ್ಸೆಯಿಂದ ಹಿಡಿದು ಮತ್ತೆ ಕೆಲಸಕ್ಕೆ ಹೋಗುವವರೆಗಿನ ಖರ್ಚೆಲ್ಲ ತನ್ನದೆಂದು ಆತ ನಮ್ಮ ತಾಯಿಯ ಕೈ ಹಿಡಿದು ಹೇಳಿದ. ಊರಿನ ಹಿರಿಯರೊಬ್ಬರೂ ಜೊತೆಗಿದ್ದರು. ಆ ಹೊತ್ತಿನಲ್ಲಿ ಅದು ಒಳ್ಳೆಯವನ ಮಾತೆಂದೇ ಎಲ್ಲರಿಗೂ ಅನ್ನಿಸಿತು.

ಕಾಲಿಗೆ ರಾಡ್ ಹಾಕಿದ ಮೇಲೆ ಆತ ಇನ್ನೊಂದು ಕಂತು ಹಣ ಕೊಟ್ಟ. ಅನಂತರ ಫೋನ್ ಎತ್ತುವುದು ಕಡಿಮೆಯಾಗಿ, ಕೊನೆಗೆ ನಂಬರೇ ಬಂದ್ ಆಯಿತು. ಠಾಣೆಗೆ ದೂರು ಕೊಡುವಷ್ಟರಲ್ಲಿ ಕೆಲವು ವಾರಗಳೇ ಕಳೆದಿದ್ದವು. ಪೊಲೀಸರು ಅಂದಿನ ಭಾರತೀಯ ದಂಡ ಸಂಹಿತೆಯ 279 (ಅಜಾಗರೂಕ ಚಾಲನೆ) ಮತ್ತು 338ನೇ (ಅಜಾಗರೂಕತೆಯಿಂದ ತೀವ್ರ ಗಾಯ) ಕಲಮುಗಳಡಿ ಪ್ರಕರಣ ದಾಖಲಿಸಿ, ಮಹಜರು ನಡೆಸಿ, ಕಾರಿನ ಚಾಲಕನ ಮೇಲೆ ದೋಷಾರೋಪ ಪಟ್ಟಿಯನ್ನೂ ಸಲ್ಲಿಸಿದರು. (2024ರ ಜುಲೈ 1ರಿಂದ ಇವುಗಳ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125(ಬಿ) ಬಂದಿವೆ.) ಚಾರ್ಜ್‌ಶೀಟ್ ಆದ ಮೇಲೆ ಇನ್ನೇನು ತೊಂದರೆಯಿಲ್ಲವೆಂದು ಕಂಡವರೆಲ್ಲ ಹೇಳಿದರು. ಆದರೆ ಕೇಸ್ ಶೀಟಿನಲ್ಲಿ ಇದ್ದದ್ದು ಬೈಕ್ ಸ್ಕಿಡ್ ಆಗಿ ಬಿದ್ದು ಗಾಯ ಎಂದು. ಕಾರಿನ ಸುದ್ದಿಯೇ ಅದರಲ್ಲಿರಲಿಲ್ಲ. ಹಾಗಾಗಿಯೇ ನರ್ಸಿಂಗ್ ಹೋಮಿನವರು ಅದನ್ನು ಎಂ.ಎಲ್.ಸಿ. (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ) ಎಂದು ನಮೂದಿಸಿರಲಿಲ್ಲ, ಠಾಣೆಗೆ ಮಾಹಿತಿಯನ್ನೂ ಕಳುಹಿಸಿರಲಿಲ್ಲ.

ಆ ಸಾಲಿಗೆ ಇಷ್ಟು ತೂಕ ಯಾಕೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಗಾಯಾಳು ಆಸ್ಪತ್ರೆಗೆ ಬಂದ ಹೊತ್ತಿನಲ್ಲಿ ಪರಿಹಾರದ ಯೋಚನೆ ಯಾರಿಗೂ ಇರುವುದಿಲ್ಲ, ಆದ್ದರಿಂದ ಆಗ ಹೇಳಿದ್ದೇ ನಿಜ ಇರಬೇಕೆಂದು ನ್ಯಾಯಾಲಯಗಳು ನೋಡುತ್ತವೆ. ಮುಂದೆ ಯಾವುದೋ ಕಾರಿನ ನಂಬರ್ ಹೇಳಿದರೆ, ವಿಮೆಯ ಹಣಕ್ಕಾಗಿ ಮಾಲೀಕನೊಂದಿಗೆ ಸೇರಿಕೊಂಡು ಆ ವಾಹನವನ್ನು ಪ್ರಕರಣದಲ್ಲಿ ಸೇರಿಸಿದ್ದಾರೆ ಎಂದು ವಿಮಾ ಕಂಪನಿ ವಾದಿಸುತ್ತದೆ. ಇಂತಹ ಸುಳ್ಳು ಪ್ರಕರಣಗಳು ನಿಜವಾಗಿಯೂ ನಡೆದಿರುವುದರಿಂದ ಆ ವಾದವನ್ನು ಯಾರೂ ಹಗುರವಾಗಿ ತಳ್ಳಿಹಾಕುವುದಿಲ್ಲ. ದೂರು ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿಯನ್ನು ತಿರಸ್ಕರಿಸಬಾರದೆಂದು ಸುಪ್ರೀಂ ಕೋರ್ಟ್ 2011ರಲ್ಲಿ ರವಿ ವಿರುದ್ಧ ಬದ್ರಿನಾರಾಯಣ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಗಾಯಾಳುವಿನ ಚಿಕಿತ್ಸೆಯೇ ಮನೆಯವರ ಮೊದಲ ಚಿಂತೆಯಾಗಿರುತ್ತದೆ ಎಂಬುದನ್ನು ಆ ತೀರ್ಪು ಒಪ್ಪುತ್ತದೆ. ಆದರೆ ತಡವಾದ ದೂರು ಮತ್ತು ಆಸ್ಪತ್ರೆಯ ವ್ಯತಿರಿಕ್ತ ದಾಖಲೆ ಎರಡೂ ಒಟ್ಟಿಗೆ ಬಂದಾಗ ಗಾಯಾಳುವಿನ ಮಾತಿಗೆ ಆಧಾರವೇ ಉಳಿಯುವುದಿಲ್ಲ. ನಮ್ಮ ಪ್ರಕರಣದಲ್ಲಿ ಆದದ್ದು ಅದೇ.

ರಸ್ತೆಬದಿಯ ರಾಜಿಗೆ ಜನ ಒಪ್ಪುವುದಕ್ಕೆ ಎರಡು ಕಾರಣಗಳನ್ನು ನಾನು ಕಂಡಿದ್ದೇನೆ. ಮೊದಲನೆಯದು, ಕೇಸು ಹಾಕಿದರೆ ಗುದ್ದಿದವನ ಮನೆ ಹಾಳಾಗುತ್ತದೆ ಎಂಬ ಮರುಕ. ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ರಸ್ತೆಗಿಳಿಯುವ ಪ್ರತಿ ವಾಹನಕ್ಕೂ ಮೂರನೇ ವ್ಯಕ್ತಿ ವಿಮೆ ಕಡ್ಡಾಯವಾಗಿರುವುದರಿಂದ, ಪಾಲಿಸಿ ಚಾಲ್ತಿಯಲ್ಲಿದ್ದು ಚಾಲಕನಿಗೆ ಸರಿಯಾದ ಲೈಸೆನ್ಸ್ ಇದ್ದರೆ ಪರಿಹಾರವನ್ನು ಕೊಡುವುದು ವಿಮಾ ಕಂಪನಿಯೇ ಹೊರತು ಮಾಲೀಕನಲ್ಲ. ಅಪಘಾತವನ್ನು ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಗಳೊಳಗೆ ಠಾಣೆಗೆ ತಿಳಿಸುವುದು 134ನೇ ಕಲಮಿನಡಿ ಚಾಲಕನದೇ ಕರ್ತವ್ಯ. ವಿಮಾ ಕಂಪನಿಗೆ ತಿಳಿಸಬೇಕಾದವನೂ ಅವನೇ. ಆದ್ದರಿಂದ ಪೊಲೀಸರು ಬೇಡವೇ ಬೇಡ ಎಂದು ಯಾರಾದರೂ ಅಂಗಲಾಚಿದರೆ, ಅವರ ವಿಮೆಯೋ ಲೈಸೆನ್ಸೋ ಸರಿಯಿಲ್ಲದಿರಬಹುದೆಂದು ಅನುಮಾನಿಸುವುದು ನ್ಯಾಯವೇ. ಎರಡನೆಯದು, ಆಸ್ಪತ್ರೆಗೆ ಕೂಡಲೇ ಕಟ್ಟಬೇಕಾದ ಹಣ. ಇದಕ್ಕೆ ಈಗ ಒಂದು ದಾರಿಯಿದೆ: 2025ರ ಮೇ ತಿಂಗಳಿನಲ್ಲಿ ಜಾರಿಗೆ ಬಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಡಿ, ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯ ಚಿಕಿತ್ಸೆ ದೊರೆಯಬೇಕು. ಅದಕ್ಕೂ ಅಪಘಾತವೆಂಬ ದಾಖಲೆ ಬೇಕು. ರಸ್ತೆ ಅಪಘಾತವಾದದ್ದನ್ನೇ ಮುಚ್ಚಿಟ್ಟರೆ ಆ ಬಾಗಿಲನ್ನೂ ನಾವೇ ಮುಚ್ಚಿಕೊಂಡಂತಾಗುತ್ತದೆ.

ಕಾರಿನವನಿಗಿಂತ ಹೆಚ್ಚು ಹಾನಿ ಮಾಡಿದವನು, ನನ್ನ ದೃಷ್ಟಿಯಲ್ಲಿ, ಆಮೇಲೆ ಮನೆಗೆ ಬಂದ ಏಜೆಂಟ್. ತಮ್ಮ ಡಿಸ್ಚಾರ್ಜ್ ಆಗಿ ಬಂದ ಕೆಲವೇ ದಿನಗಳಲ್ಲಿ ಆತ ವಿಳಾಸ ಹುಡುಕಿಕೊಂಡು ಬಂದ. ಆಸ್ಪತ್ರೆಯೊಳಗಿನ ಯಾರೋ ಮಾಹಿತಿ ಕೊಟ್ಟಿರಬೇಕು. ಒಂದು ರೂಪಾಯಿ ಖರ್ಚಿಲ್ಲದೆ ಕ್ಲೇಮ್ ಕೇಸು ನಡೆಸಿಕೊಡುವುದಾಗಿಯೂ, ಬಂದ ಹಣದಲ್ಲಿ ಶೇಕಡ 30 ಕೊಟ್ಟರೆ ಸಾಕೆಂದೂ ಹೇಳಿ, ವಕಾಲತ್ತಿನ ಜೊತೆಗೆ ಖಾಲಿ ಹಾಳೆಗಳಿಗೂ ತಮ್ಮನ ಸಹಿ ಪಡೆದು, ಮೂಲ ಬಿಲ್ಲುಗಳು, ಡಿಸ್ಚಾರ್ಜ್ ಸಮರಿ, ಎಕ್ಸ್‌ರೇಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಹೋದ. ವಕೀಲರ ಮುಖವನ್ನು ತಮ್ಮ ಮೊದಲು ನೋಡಿದ್ದು ಸಾಕ್ಷಿ ಹೇಳುವ ದಿನ. ಪ್ರಕರಣದ ಫಲಿತಾಂಶದ ಮೇಲೆ ಶುಲ್ಕ ನಿಗದಿ ಮಾಡುವುದನ್ನೂ, ಬಂದ ಹಣದಲ್ಲಿ ಪಾಲು ಕೇಳುವುದನ್ನೂ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ ಎಂಬುದು ನಮಗೆ ಆಗ ಗೊತ್ತಿರಲಿಲ್ಲ. ಶೇಕಡಾವಾರು ಮಾತು ಬಂದ ಕೂಡಲೇ ಆ ವ್ಯವಹಾರದಿಂದ ಹಿಂದೆ ಸರಿಯಬೇಕೆಂದು ಈಗ ಎಲ್ಲರಿಗೂ ಹೇಳುತ್ತಿದ್ದೇನೆ.

ಆ ಏಜೆಂಟ್ ಮಾಡಿದ ಎರಡು ಕೆಲಸಗಳು ಅರ್ಜಿಯನ್ನು ಒಳಗಿನಿಂದಲೇ ಕೆಡಿಸಿದವು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನು ಬಿಟ್ಟು, ತಮ್ಮನನ್ನು ಒಮ್ಮೆಯೂ ಚಿಕಿತ್ಸೆಗೆ ನೋಡಿರದ ಬೇರೊಬ್ಬ ವೈದ್ಯರಿಂದ ಹೆಚ್ಚಿನ ಊನದ ಪ್ರಮಾಣಪತ್ರ ಮಾಡಿಸಿದ. ಇಂತಹ ಸಿದ್ಧ ಪ್ರಮಾಣಪತ್ರಗಳ ಬಗ್ಗೆ ನ್ಯಾಯಮಂಡಳಿಗಳು ಎಚ್ಚರದಿಂದಿರಬೇಕೆಂದು ಸುಪ್ರೀಂ ಕೋರ್ಟ್ 2010ರ ದಶಕದ ಆರಂಭದಲ್ಲೇ, ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪಿನಲ್ಲಿ ಹೇಳಿದೆ. ನಿಜವಾದ ನೋವಿಗೆ ಅನುಮಾನದ ಕಾಗದ ಅಂಟಿಸಿದರೆ ನೋವೂ ಅನುಮಾನಕ್ಕೆ ಗುರಿಯಾಗುತ್ತದೆ. ಎರಡನೆಯದಾಗಿ, ನರ್ಸಿಂಗ್ ಹೋಮಿನ ದಾಖಲಾತಿ ರಿಜಿಸ್ಟರನ್ನು ತರಿಸಲೇ ಇಲ್ಲ. ಆ ರಿಜಿಸ್ಟರಿನಲ್ಲಿ ಗಾಯಾಳುವನ್ನು ಕರೆತಂದವರ ಹೆಸರಿನ ಜಾಗದಲ್ಲಿ ಕಾರಿನ ಚಾಲಕನ ಹೆಸರೂ ಫೋನ್ ನಂಬರೂ ಇವೆ. ತಾನಾಗಿ ಬಿದ್ದ ಬೈಕ್ ಸವಾರನನ್ನು ಅದೇ ಕಾರಿನ ಚಾಲಕ ಯಾಕೆ ಕರೆತಂದು, ಹಣವನ್ನೂ ಕಟ್ಟಿದ ಎಂಬ ಪ್ರಶ್ನೆಯನ್ನು ನ್ಯಾಯಮಂಡಳಿಯ ಮುಂದೆ ಯಾರೂ ಎತ್ತಲಿಲ್ಲ.

ಕಳೆದುಕೊಂಡದ್ದು ಎಷ್ಟೆಂದು ತಿಳಿಯಲು ಲೆಕ್ಕದ ರೀತಿಯನ್ನು ನೋಡಬೇಕು. ನೋವು ಮತ್ತು ಯಾತನೆ, ಆಸ್ಪತ್ರೆಯ ಬಿಲ್ಲು, ಆರೈಕೆಗೆ ನಿಂತವರ ಖರ್ಚು, ಚಿಕಿತ್ಸೆಯ ಅವಧಿಯ ದುಡಿಮೆ ನಷ್ಟ ಇವೆಲ್ಲ ಬೇರೆ ಬೇರೆ ಬಾಬ್ತುಗಳು. ಶಾಶ್ವತ ಊನವಿದ್ದರೆ ಮುಂದಿನ ದುಡಿಮೆಯ ನಷ್ಟವೇ ದೊಡ್ಡದು. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಂತೆ 31ರಿಂದ 35 ವಯಸ್ಸಿನವರಿಗೆ ಗುಣಕ, ಅಂದರೆ ವರ್ಷದ ದುಡಿಮೆಯ ನಷ್ಟವನ್ನು ಗುಣಿಸಬೇಕಾದ ಸಂಖ್ಯೆ, 16. ತಿಂಗಳಿಗೆ 15,000 ರೂಪಾಯಿ ದುಡಿಮೆ ಎಂದಿಟ್ಟುಕೊಂಡು, ಕಾಲಿನ ಊನ ಶೇಕಡ 36 ಎಂದು ವೈದ್ಯರು ಹೇಳಿದರೆ, ಕರ್ನಾಟಕದಲ್ಲಿ ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗವನ್ನು ಇಡೀ ದೇಹದ ಊನವಾಗಿ ಹಿಡಿಯುವ ರೂಢಿಯಿರುವುದರಿಂದ, ಶೇಕಡ 12ರ ಮೇಲೆ 3,45,600 ರೂಪಾಯಿ ಬರುತ್ತದೆ. ಆದರೆ ಕುಕ್ಕರಗಾಲಿನಲ್ಲಿ ಕೂರಲಾಗದ ಟೈಲ್ಸ್ ಕೆಲಸಗಾರನ ನಷ್ಟವೂ, ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವವರ ನಷ್ಟವೂ ಒಂದೇ ಅಲ್ಲ. ಊನವು ಆತನ ಕಸುಬನ್ನು ಎಷ್ಟು ಕಿತ್ತುಕೊಂಡಿತು ಎಂಬುದನ್ನು ಅಳೆಯಬೇಕೆಂದು ಮೇಲೆ ಹೇಳಿದ ರಾಜ್ ಕುಮಾರ್ ತೀರ್ಪೇ ಹೇಳುತ್ತದೆ. ಆದ್ದರಿಂದ ಕೆಲಸ ಏನು, ಅದಕ್ಕೆ ದೇಹದ ಯಾವ ಚಲನೆ ಬೇಕು, ಕೂಲಿ ಯಾರು ಕೊಡುತ್ತಿದ್ದರು ಎಂಬುದಕ್ಕೆ ಮೇಸ್ತ್ರಿಯದೋ ಗುತ್ತಿಗೆದಾರರದೋ ಸಾಕ್ಷಿ ಬೇಕು, ಬ್ಯಾಂಕ್ ಪಾಸ್‌ಬುಕ್ಕಿನ ನಮೂದುಗಳು ಬೇಕು. ತಮ್ಮನ ಅರ್ಜಿಯಲ್ಲಿ ಅವನ ಕಸುಬನ್ನು ಕೂಲಿ ಎಂಬ ಎರಡಕ್ಷರದಲ್ಲಿ ಮುಗಿಸಿದ್ದರು.

2022ರ ಏಪ್ರಿಲ್ 1ರಿಂದ ನಿಯಮಗಳು ಬದಲಾಗಿವೆ. ಪೊಲೀಸರು ಅಪಘಾತದ ಮೊದಲ ವರದಿಯನ್ನು 48 ಗಂಟೆಗಳಲ್ಲಿ, ಮಧ್ಯಂತರ ವರದಿಯನ್ನು 50 ದಿನಗಳಲ್ಲಿ, ವಿವರವಾದ ವರದಿಯನ್ನು 90 ದಿನಗಳಲ್ಲಿ ನ್ಯಾಯಮಂಡಳಿಗೆ ಸಲ್ಲಿಸಬೇಕು. ಗಾಯಾಳುವಿನ ಹಕ್ಕುಗಳನ್ನು ತಿಳಿಸುವ ನಮೂನೆಯನ್ನೂ ಅವರೇ ಕೊಡಬೇಕು. ಕೊಡದಿದ್ದರೆ ಕೇಳಿ ಪಡೆಯಿರಿ. ಅರ್ಜಿ ಹಾಕಲು ಕಾಯ್ದೆಯಲ್ಲಿ ಆರು ತಿಂಗಳ ಗಡುವಿದೆ. ಅದರ ಸಿಂಧುತ್ವದ ಪ್ರಶ್ನೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದರೂ, ಅದನ್ನು ನಂಬಿ ತಡಮಾಡುವುದು ಬೇಡ. ಅಪಘಾತವಾದ ಊರಿನಲ್ಲೇ ಅರ್ಜಿ ಹಾಕಬೇಕೆಂದೇನೂ ಇಲ್ಲ, ಗಾಯಾಳು ವಾಸವಿರುವ ಊರಿನ ನ್ಯಾಯಮಂಡಳಿಯಲ್ಲೂ ಹಾಕಬಹುದು.

ಕೇಸ್ ಶೀಟಿನಲ್ಲಿ ತಪ್ಪು ಬರೆದಿರುವುದು ಗೊತ್ತಾದರೆ ಅದೇ ದಿನ ಆಸ್ಪತ್ರೆಯ ಮುಖ್ಯಸ್ಥರಿಗೆ ಲಿಖಿತ ಮನವಿ ಕೊಟ್ಟು, ಸ್ವೀಕೃತಿಯ ಸಹಿ ಮತ್ತು ಸೀಲು ಪಡೆದು, ಹೇಳಿಕೆ ಕೊಟ್ಟವರು ಯಾರೆಂಬುದನ್ನು ಬರೆಸಿ, ಎಂ.ಎಲ್.ಸಿ. ಮಾಡಿ ಠಾಣೆಗೆ ತಿಳಿಸುವಂತೆ ಕೇಳಬೇಕು. ಹಳೆಯ ಸಾಲನ್ನು ತಿದ್ದಿಸಲು ಹೋಗಬಾರದು. ತಿದ್ದಿದ ಗುರುತು ಕಂಡರೆ ಅನುಮಾನ ಇನ್ನೂ ಹೆಚ್ಚುತ್ತದೆ. ಹೊಸ ಟಿಪ್ಪಣಿ, ತಾರೀಖು ಮತ್ತು ವೇಳೆಯೊಂದಿಗೆ, ಅದರ ಕೆಳಗೆ ಸೇರಬೇಕು. ಗಾಯಾಳು ಮಾತನಾಡುವ ಸ್ಥಿತಿಯಲ್ಲಿದ್ದರೆ ಪೊಲೀಸರು ಆಸ್ಪತ್ರೆಗೇ ಬಂದು ಹೇಳಿಕೆ ಪಡೆಯಬಹುದು. 112ಕ್ಕೋ 108ಕ್ಕೋ ಕರೆ ಮಾಡಿದ್ದರೆ ಆ ಕರೆಯೇ ಒಂದು ದಾಖಲೆ. ವೈದ್ಯಕೀಯ ದಾಖಲೆಗಳ ಪ್ರತಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳಲ್ಲಿದೆ. ಮೂಲ ಬಿಲ್ಲುಗಳನ್ನು ಯಾರಿಗೆ ಕೊಟ್ಟರೂ ಪಟ್ಟಿ ಮಾಡಿ ಸಹಿ ಪಡೆದು, ನೆರಳಚ್ಚು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಿ.

ನಾವು ಈಗ ವಕೀಲರನ್ನು ಬದಲಿಸಿ, ಮೋಟಾರು ವಾಹನ ಕಾಯ್ದೆಯ 173ನೇ ಕಲಮಿನಡಿ 90 ದಿನಗಳ ಅವಧಿಯೊಳಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಿದ್ದೇವೆ. ದಾಖಲಾತಿ ರಿಜಿಸ್ಟರನ್ನು ಹೆಚ್ಚುವರಿ ಸಾಕ್ಷ್ಯವಾಗಿ ಸ್ವೀಕರಿಸಬೇಕೆಂಬ ಅರ್ಜಿಯೂ ಅದರ ಜೊತೆಗಿದೆ. ಅದರ ವಿಚಾರಣೆ ಇನ್ನೂ ಆಗಬೇಕು. ಹೊಸ ವಕೀಲರ ಪರಿಚಯವಾದದ್ದು ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಆದಾಯ ಮಿತಿಯೊಳಗಿನವರು ಅಲ್ಲಿ ಉಚಿತವಾಗಿ ವಕೀಲರ ನೆರವು ಪಡೆಯಬಹುದು. ಸಮಿತಿಯ ಕಚೇರಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಅಲ್ಲಿಗೆ ಹೋಗಲು ಆಗದವರು 15100 ಸಂಖ್ಯೆಗೆ ಕರೆ ಮಾಡಬಹುದು.