ಮೆಟಲ್ ಗೇರ್ ಸಾಲಿಡ್, ಪ್ಲೇಸ್ಟೇಷನ್ 1: ಬೆಲೆ ಕೂತಿರುವುದು ಡಬ್ಬಿಯ ಬೆನ್ನಲ್ಲಿ

ಮೈಸೂರು, ಮಂಡ್ಯ ಕಡೆಯ ಓಎಲ್‌ಎಕ್ಸ್ ಪುಟಗಳಲ್ಲಿ ಹಳೇ ಪ್ಲೇಸ್ಟೇಷನ್ ಸಾಮಾನಿನ ಜೊತೆ ಮೆಟಲ್ ಗೇರ್ ಸಾಲಿಡ್ ಸಿಕ್ಕರೆ ಪಕ್ಕದಲ್ಲಿ 'ರೇರ್' ಅಂತ ಬರೆದಿದ್ದರೆ ಆಶ್ಚರ್ಯವಿಲ್ಲ. ಗೇಮ್ ಬಗ್ಗೆ ತಕರಾರಿಲ್ಲ. ಕೊನಾಮಿಗಾಗಿ ಹಿಡಿಯೊ ಕೊಜಿಮಾ ಮಾಡಿದ ಈ ಕದ್ದು ನುಸುಳುವ ಆಟ ಇವತ್ತಿಗೂ ಕೂರಿಸಿಕೊಂಡು ಆಡಿಸುತ್ತದೆ. ಆದರೆ 'ರೇರ್' ಅನ್ನುವುದು ಶುದ್ಧ ಸುಳ್ಳು. 1998ರ ಸೆಪ್ಟೆಂಬರ್‌ನಲ್ಲಿ ಜಪಾನ್, ಅಕ್ಟೋಬರ್‌ನಲ್ಲಿ ಅಮೆರಿಕ, 1999ರ ಫೆಬ್ರವರಿಯಲ್ಲಿ ಯುರೋಪ್, ಹೀಗೆ ಬಿಡುಗಡೆಯಾಗಿ ದಶಲಕ್ಷಗಟ್ಟಲೆ ಖರ್ಚಾದ ಗೇಮ್ ಇದು. ಅಷ್ಟು ಮಾರಾಟವಾದ ವಸ್ತುವಿಗೆ ಬೆಲೆ ಬರುವುದು ಹೆಸರಿನಿಂದಲ್ಲ, ಅದು ಎಷ್ಟು ಪೂರ್ತಿಯಾಗಿ, ಎಷ್ಟು ಚೊಕ್ಕಟವಾಗಿ ಉಳಿದಿದೆ ಅನ್ನುವುದರಿಂದ.

ಪೂರ್ತಿ ಅಂದರೆ ಎರಡು ಡಿಸ್ಕ್, ಮ್ಯಾನುಯಲ್, ಮುಂದಿನ ಕಾಗದ, ಹಿಂದಿನ ಕಾಗದ, ಒಡೆಯದ ಡಬ್ಬಿ. ಬಿಡಿ ಡಿಸ್ಕ್‌ಗಳಿಗೆ ತೀರಾ ಕಮ್ಮಿ ಬೆಲೆ. ಎಲ್ಲಾ ಸೇರಿದ್ದಕ್ಕೆ ಅದಕ್ಕಿಂತ ಚೆನ್ನಾಗಿ ಹೆಚ್ಚು. ಸೀಲ್ ಒಡೆಯದ್ದು ಬೇರೆಯೇ ಲೆಕ್ಕ. ಮಾರುವವರು ಮಾಡುವ ಚಮತ್ಕಾರ ಇಲ್ಲೇ: ಸೀಲ್ ಇರುವ, ಗ್ರೇಡಿಂಗ್ ಆದ (ಅಂದರೆ ಸಂಸ್ಥೆಯೊಂದು ಸ್ಥಿತಿ ನೋಡಿ ಅಂಕ ಕೊಟ್ಟ) ಪ್ರತಿಯ ಬೆಲೆ ತೋರಿಸಿ ಬಿಡಿ ಡಿಸ್ಕ್‌ಗೆ ರೇಟ್ ಹೇಳುವುದು. 2021ರ ಜುಲೈನಲ್ಲಿ ಹೆರಿಟೇಜ್ ಹರಾಜಿನಲ್ಲಿ ಸೀಲ್ ಆದ ಸೂಪರ್ ಮಾರಿಯೊ 64 ಒಂದು 15.6 ಲಕ್ಷ ಡಾಲರಿಗೆ ಹೋದ ಮೇಲೆ ಅಟ್ಟದ ಮೇಲಿನ ಗೇಮ್‌ಗಳಿಗೆಲ್ಲ ಜಂಬ ಬಂದುಬಿಟ್ಟಿದೆ. ಆ ಮಾರುಕಟ್ಟೆಗೂ ತೆರೆದು ಆಡಿದ ಡಿಸ್ಕ್‌ಗೂ ಸಂಬಂಧವಿಲ್ಲ. ಈಬೇಯಲ್ಲಿ 'ಸೋಲ್ಡ್' ಫಿಲ್ಟರ್ ಹಾಕಿ, ನಿಜವಾಗಿ ಮಾರಾಟವಾದ ಬೆಲೆ ಮಾತ್ರ ನೋಡಬೇಕು. ಕೇಳಿರುವ ಬೆಲೆ ಯಾರು ಬೇಕಾದರೂ ಎಷ್ಟು ಬೇಕಾದರೂ ಬರೆಯಬಹುದು. ಹಳೇ ಗೇಮ್‌ಗಳ ಬೆಲೆ ತೋರಿಸುವ ಜಾಲತಾಣ ಪ್ರೈಸ್‌ಚಾರ್ಟಿಂಗ್‌ನಲ್ಲಿ ಬಿಡಿ, ಪೂರ್ತಿ, ಹೊಸದು ಅಂತ ಬೇರೆ ಬೇರೆ ಕಾಲಂ ಇದೆ. ನಿಮ್ಮ ಕೈಯಲ್ಲಿರುವುದು ಯಾವ ಕಾಲಮ್ಮಿನದು ಅಂತ ಮೊದಲು ಗೊತ್ತುಮಾಡಿಕೊಂಡು ಆಮೇಲೆ ಚೌಕಾಸಿಗೆ ಇಳಿಯಿರಿ.

ಇನ್ನು ಹಿಂದಿನ ಕಾಗದ. ಬೇರೆ ಗೇಮ್‌ಗಳಲ್ಲಿ ಅದು ಜಾಹೀರಾತು ಅಷ್ಟೇ, ಇಲ್ಲಿ ಆಟದ ಒಂದು ಭಾಗ. ಕಥೆಯ ಪಾತ್ರ ಮೆರಿಲ್ ಜೊತೆ ರೇಡಿಯೊದಲ್ಲಿ ಮಾತಾಡಬೇಕಾದಾಗ ಅವಳ ಫ್ರೀಕ್ವೆನ್ಸಿ ಸಿಡಿ ಡಬ್ಬಿಯ ಹಿಂದೆ ಇದೆ ಅನ್ನುತ್ತದೆ ಗೇಮ್. ತಿರುಗಿಸಿ ನೋಡಿದರೆ ಅಲ್ಲಿ ಅಚ್ಚಾದ ಸಣ್ಣ ಚಿತ್ರದಲ್ಲಿ 140.15. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಟ್ಟ ನಕಲಿ ಡಿಸ್ಕ್ ತಂದವರು ಅಲ್ಲೇ ಸಿಕ್ಕಿಕೊಳ್ಳುತ್ತಿದ್ದರು. ಹಾಗಾಗಿ ಈ ಕಾಗದ ಇಲ್ಲದ ಅಥವಾ ಜೆರಾಕ್ಸ್ ಹಾಕಿದ ಪ್ರತಿಗೆ 'ಪೂರ್ತಿ' ರೇಟ್ ಕೊಡುವ ಮಾತೇ ಇಲ್ಲ. ಜೆರಾಕ್ಸ್ ಪತ್ತೆ ಸುಲಭ: ಬೂತಗನ್ನಡಿ ಹಿಡಿದರೆ ಅಸಲಿ ಆಫ್‌ಸೆಟ್ ಅಚ್ಚಿನಲ್ಲಿ ಬಣ್ಣದ ಚುಕ್ಕೆಗಳು ಒಂದು ವಿನ್ಯಾಸದಲ್ಲಿ ಜೋಡಿಸಿದಂತೆ ಇರುತ್ತವೆ, ಸಣ್ಣ ಅಕ್ಷರದ ಅಂಚು ಚೂಪಾಗಿರುತ್ತದೆ. ಇಂಕ್‌ಜೆಟ್ ಆದರೆ ಅಂಚು ಹರಡಿಕೊಂಡಿರುತ್ತದೆ.

ನಮ್ಮ ಕಡೆ ಪಿಎಸ್1 ಕಾಲದಲ್ಲಿ ಓಡಾಡಿದ್ದು ಹೆಚ್ಚಾಗಿ ನಕಲಿ ಡಿಸ್ಕ್, ಅದನ್ನು ಓಡಿಸಲು ಚಿಪ್ ಹಾಕಿಸಿದ ಮೆಷಿನ್. ಹಳೇ ಪೆಟ್ಟಿಗೆಯಲ್ಲಿ ಸಿಕ್ಕಿದ್ದೆಲ್ಲ ಅಸಲಿ ಅಂದುಕೊಳ್ಳಬೇಡಿ. ಅಸಲಿ ಪಿಎಸ್1 ಡಿಸ್ಕಿನ ತಳ ಕಪ್ಪು. ಆದರೆ ಕಪ್ಪು ತಳದ ಖಾಲಿ ಸಿಡಿಗಳೂ ಬರುತ್ತಿದ್ದವು, ಆದ್ದರಿಂದ ಬಣ್ಣ ನೋಡಿ ದುಡ್ಡು ಎಣಿಸಬಾರದು. ಕೆಎಸ್‌ಐಸಿ ರೇಷ್ಮೆ ಸೀರೆಯಲ್ಲಿ ಸಂಖ್ಯೆ ಹುಡುಕುವ ಹಾಗೆ ಇಲ್ಲೂ ಹುಡುಕಬೇಕು: ನಡುತೂತಿನ ಸುತ್ತ ಕನ್ನಡಿಯಂತೆ ಹೊಳೆಯುವ ಪಟ್ಟಿಯಲ್ಲಿ ಒತ್ತಿದ ಸಂಕೇತ, ಡಿಸ್ಕ್ ಒತ್ತಿದ ಕಾರ್ಖಾನೆಯ ಗುರುತಾದ ಐಎಫ್‌ಪಿಐ ಅಕ್ಷರಗಳು ಕಾಣಬೇಕು. ಡಿಸ್ಕಿನ ಮುಖದ ಮೇಲೆ ಅಮೆರಿಕದ ಪ್ರತಿಯಾದರೆ ಮೊದಲನೆಯದಕ್ಕೆ ಎಸ್‌ಎಲ್‌ಯುಎಸ್ 00594, ಎರಡನೆಯದಕ್ಕೆ 00776 ಇರಬೇಕು. ಮುಖದ ಮೇಲೆ ಸ್ಟಿಕ್ಕರ್ ಅಂಟಿಸಿದ್ದರೆ ಅಲ್ಲಿಗೆ ಮಾತು ಮುಗಿಯಿತು.

ಪಕ್ಕಾ ಪರೀಕ್ಷೆ ಅಂದರೆ ಚಿಪ್ ಇಲ್ಲದ, ಡಿಸ್ಕಿನ ರೀಜನ್ನಿನದೇ (ಅಮೆರಿಕ, ಯುರೋಪ್, ಜಪಾನ್, ಯಾವ ಕಡೆಗೆ ಮಾಡಿದ್ದೋ ಅದರ) ಮೆಷಿನ್ನಿನಲ್ಲಿ ಹಾಕಿ ನೋಡುವುದು. ಕಾರ್ಖಾನೆಯಲ್ಲಿ ಒತ್ತುವಾಗ ಡಿಸ್ಕಿನ ಒಳ ಅಂಚಿನ ಗೆರೆಯನ್ನೇ ಸೂಕ್ಷ್ಮವಾಗಿ ಓಲಾಡಿಸಿ ರೀಜನ್ ಸಂಕೇತ ಅಡಗಿಸಿರುತ್ತಾರೆ, ಮನೆಯ ಸಿಡಿ ರೈಟರಿಗೆ ಅದನ್ನು ಬರೆಯುವುದು ಆಗದು. ಚಿಪ್ ಮಾಡುವ ಕೆಲಸ ಆ ಸಂಕೇತವನ್ನು ತಾನೇ ಹೇಳಿಬಿಡುವುದು, ಹಾಗಾಗಿ ಚಿಪ್ ಇರುವ ಮೆಷಿನ್ನಿನಲ್ಲಿ ಗೇಮ್ ಓಡಿದರೆ ಏನೂ ಸಾಬೀತಾಗದು. ಪಿಎಸ್1 ಸಿಗದಿದ್ದರೆ ಮಾರ್ಪಾಡು ಮಾಡದ ಪಿಎಸ್2, ಪಿಎಸ್3 ಕೂಡ ಸಾಕು.

ಎರಡನೇ ಡಿಸ್ಕ್ ಪರೀಕ್ಷಿಸುವುದನ್ನು ಬಹಳ ಜನ ಮರೆಯುತ್ತಾರೆ. ಮೊದಲ ಡಿಸ್ಕ್ ಹಾಕಿ ಹೆಲಿಪ್ಯಾಡ್‌ವರೆಗೆ ತೋರಿಸಿ 'ವರ್ಕಿಂಗ್' ಅನ್ನುತ್ತಾರೆ. ಎರಡನೆಯದು ಬೇಕಾಗುವುದು ಸ್ನೈಪರ್ ವುಲ್ಫ್ ಎಂಬ ಎದುರಾಳಿಯ ಜೊತೆಗಿನ ಎರಡನೇ ಕಾಳಗ ಮುಗಿದ ಮೇಲೆ. ಆ ಹಂತದ ಸೇವ್ ಇರುವ ಮೆಮೊರಿ ಕಾರ್ಡ್ ಕೈಯಲ್ಲಿದ್ದರೆ ಪರೀಕ್ಷೆ ಐದು ನಿಮಿಷದ ಕೆಲಸ.

ಗೀರು ಎಂದರೆ ಎಲ್ಲರೂ ತಳ ನೋಡುತ್ತಾರೆ, ನಿಜವಾದ ಅಪಾಯ ಮೇಲ್ಮುಖದ್ದು. ಮಾಹಿತಿ ಇರುವ ಲೋಹದ ಪದರ ಚಿತ್ರದ ಅಚ್ಚಿನ ಕೆಳಗೇ ಇರುತ್ತದೆ. ಅಲ್ಲಿ ಕೆರೆದರೆ ರಿಪೇರಿ ಇಲ್ಲ. ತಳದ ಸಣ್ಣ ಗೀರನ್ನು ಪಾಲಿಶ್ ಮೆಷಿನ್ ತೆಗೆಯುತ್ತದೆ, ಆದರೆ ಸುತ್ತುಸುತ್ತಾದ ಗುರುತು ಉಳಿಯುತ್ತದೆ, ಸಂಗ್ರಹಕಾರರು ಅದಕ್ಕೆ ಬೆಲೆ ಇಳಿಸುತ್ತಾರೆ. ಟೂತ್‌ಪೇಸ್ಟ್ ಪ್ರಯೋಗ ಬೇಡ. ವಿಡಿಯೊ ತಡವರಿಸಿದರೆ ಕೂಡಲೇ ಡಿಸ್ಕ್ ಬೈಯಬೇಡಿ: ಮೊದಮೊದಲ ಪಿಎಸ್1ಗಳಲ್ಲಿ ಲೆನ್ಸ್ ಓಡಾಡುವ ಪ್ಲಾಸ್ಟಿಕ್ ಹಳಿ ಸವೆದು ಇದೇ ತೊಂದರೆ ಕೊಡುತ್ತದೆ. ಇನ್ನೊಂದು ಮೆಷಿನ್ನಿನಲ್ಲಿ ನೋಡಿ. ಅಮೆರಿಕ, ಜಪಾನಿನ ಮೆಷಿನ್ ಆದರೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230 ವೋಲ್ಟ್ ಪ್ಲಗ್ಗಿಗೆ ಹಾಕಬೇಡಿ, ಸುಟ್ಟುಹೋಗುತ್ತದೆ.

ಯಾವ ಪ್ರತಿ ಕೊಳ್ಳಬೇಕು? ಆಡಲೂ ಬೇಕು, ಇಡಲೂ ಬೇಕು ಅನ್ನುವವರಿಗೆ ಅಮೆರಿಕದ ಬ್ಲ್ಯಾಕ್ ಲೇಬಲ್ (ಮೊದಲ ಮುದ್ರಣ), ಪೂರ್ತಿ ಸೆಟ್. 60 ಹರ್ಟ್ಸ್‌ನಲ್ಲಿ, ಅಂದರೆ ಪರದೆ ಸೆಕೆಂಡಿಗೆ 60 ಸಲ ಬದಲಾಗುವ ವೇಗದಲ್ಲಿ ಓಡುತ್ತದೆ, ಯುರೋಪಿನದು 50. ಹಸಿರು ಪಟ್ಟಿಯ ಗ್ರೇಟೆಸ್ಟ್ ಹಿಟ್ಸ್, ಯುರೋಪಿನ ಪ್ಲಾಟಿನಂ ಎರಡೂ ಮರುಮುದ್ರಣ, ಬೆಲೆ ಕಮ್ಮಿ ಇರಬೇಕು. ಯುರೋಪಿನ ದಪ್ಪ ಡಬ್ಬಿ ಬೇರೆ ಅಳತೆಯದು, ಸಾಮಾನ್ಯ ಸಿಡಿ ಡಬ್ಬಿ ತಂದು ಬದಲಿಸಲು ಬರುವುದಿಲ್ಲ. ಕೀಲು ಮುರಿದಿದ್ದರೆ ಅಷ್ಟು ಕಳೆದೇ ಮಾತಾಡಿ. 2008ರ ಎಸೆನ್ಷಿಯಲ್ ಕಲೆಕ್ಷನ್ನಿನಲ್ಲೂ ಇದೇ ಗೇಮ್ ಇತ್ತು. ಅದರ ಡಿಸ್ಕನ್ನು 1998ರ ಡಬ್ಬಿಯಲ್ಲಿಟ್ಟು ಮಾರುವುದುಂಟು, ಚಿತ್ರ ಹೋಲಿಸಿ ನೋಡಿ. ಟೀ ಶರ್ಟ್, ಡಾಗ್ ಟ್ಯಾಗ್, ಸಂಗೀತದ ಸಿಡಿ ಬರುವ ಪ್ರೀಮಿಯಂ ಪ್ಯಾಕೇಜ್‌ಗೆ ಮಾತ್ರ ಹೆಚ್ಚು ಕೊಟ್ಟರೆ ಅರ್ಥವಿದೆ, ಅದೂ ಒಂದೂ ಸಾಮಾನು ಕಳೆದಿರದಿದ್ದರೆ. ಬರೀ ಆಡುವ ಆಸೆಯಿದ್ದರೆ 2023ರ ಮಾಸ್ಟರ್ ಕಲೆಕ್ಷನ್ ಇದೆ, ಹಳೇ ಡಿಸ್ಕ್ ಯಾಕೆ?

ಹೂಡಿಕೆ ಅಂತ ಕೊಳ್ಳುವವರಿಗೆ ಇದು ಬೇಡ. ಅದೇ ಕಥೆಯ ಗೇಮ್‌ಕ್ಯೂಬ್ ಆವೃತ್ತಿ, 2004ರ ಟ್ವಿನ್ ಸ್ನೇಕ್ಸ್, ಸಂಗ್ರಹದ ದೃಷ್ಟಿಯಿಂದ ಮೇಲು. ಅದನ್ನು ಮಾಸ್ಟರ್ ಕಲೆಕ್ಷನ್ನಿನಲ್ಲೂ ಸೇರಿಸಲಿಲ್ಲ, ಆಡಬೇಕಾದವರಿಗೆ ಹಳೇ ಡಿಸ್ಕೇ ಗತಿ.

ಹೊರದೇಶದಿಂದ ತರಿಸಿದರೆ ಬೆಲೆಯ ಮೇಲೆ ಅಂಚೆ ಖರ್ಚು, ಕಸ್ಟಮ್ಸ್ ಸುಂಕ, ಕೊರಿಯರಿನವರ ಕ್ಲಿಯರೆನ್ಸ್ ಶುಲ್ಕ ಸೇರುತ್ತದೆ. ಇಲ್ಲಿನವರು ಕೇಳುವ ರೇಟನ್ನು ಆ ಒಟ್ಟು ಮೊತ್ತದ ಜೊತೆ ಹೋಲಿಸಿ. ಅದಕ್ಕಿಂತ ತುಸು ಕಮ್ಮಿ ಇದ್ದು, ನೋಡಿ ಪರೀಕ್ಷಿಸಲು ಬಿಟ್ಟರೆ ಇಲ್ಲೇ ಕೊಳ್ಳುವುದು ವಾಸಿ. ಪಾರ್ಸೆಲ್ ಆದರೆ ಡಿಸ್ಕ್‌ಗಳನ್ನು ಡಬ್ಬಿಯಿಂದ ತೆಗೆದು ಬೇರೆ ಕವರಿನಲ್ಲಿ ಕಳಿಸಲು ಹೇಳಿ. ದಾರಿಯಲ್ಲಿ ಕುಲುಕಿದಾಗ ನಡುವಿನ ಹಲ್ಲು ಮುರಿದು, ಸಡಿಲವಾದ ಡಿಸ್ಕ್ ಡಬ್ಬಿಯೊಳಗೇ ಉಜ್ಜಿಕೊಂಡು ಗೀರಾಗುವುದು ಹೀಗೆಯೇ.